ನಿಲ್ಲಿಸಿ ನೋಡಿದ ಬಿ.ಪಿ.

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂದರೆ ಈಗಲೂ ತಿಪಟೂರಿನ ಆ ಡಾಕ್ಟರ ಷಾಪು, ಅದರ ಮರದ ಬೆಂಚು, ಬೆಂಚಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತವರು ಕಣ್ಣಿಗೆ ಕಟ್ಟುತ್ತಾರೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನಲ್ಲಿ ನರ್ಸಾಗಿದ್ದೆ. ಡಾಕ್ಟರು ನೋಡುವ ಮುಂಚೆ ಜ್ವರ, ನಾಡಿ, ಬಿ.ಪಿ. ನೋಡಿ, ಕಾಯಿಲೆಯ ಪೂರ್ವಾಪರ ಕೇಳಿ ಚೀಟಿಯಲ್ಲಿ ಬರೆದಿಡುವುದು ನನ್ನ ಕೆಲಸ. ‘ಏನು ತೊಂದರೆ?’ ಎಂದರೆ ನಮ್ಮ ಕಡೆಯವರು ‘ಏನಿಲ್ಲ ಬುಡಿ’ ಎನ್ನುತ್ತಾರೆ. ಅದಕ್ಕೇ ನಾನು ‘ಬೆಳಗ್ಗೆ ಎದ್ದಾಗಿಂದ ಏನೇನು ಮಾಡಿದ್ರಿ, ಹೇಳಿ’ ಎಂದು ಶುರು ಮಾಡುತ್ತಿದ್ದೆ. ದನದ ಕೊಟ್ಟಿಗೆಯಿಂದ ಹೊರಟ ಮಾತು ತಾನಾಗಿಯೇ ಕಾಯಿಲೆಯ ಹತ್ತಿರ ಬರುತ್ತಿತ್ತು.

ಬಿಳಿಗೆರೆ ಕಡೆಯವರೊಬ್ಬರು, ತೆಂಗಿನಮರ ಹತ್ತಿ ಕಾಯಿ ಕೆಡವುವವರು, ಒಂದು ದಿನ ಹೆಂಡತಿಯೊಂದಿಗೆ ಬಂದರು. ಎರಡು ತಿಂಗಳಿಂದ ನಮ್ಮಲ್ಲೇ ಬಿ.ಪಿ.ಗೆ ಮಾತ್ರೆ ಬರೆಸಿಕೊಳ್ಳುತ್ತಿದ್ದರು: ತಿಂಡಿಯಾದ ಮೇಲೊಂದು, ರಾತ್ರಿ ಊಟವಾದ ಮೇಲೊಂದು.

“ಮಾತ್ರೆ ಮುಗೀತು, ಅದುಕ್ ಬಂದೆ. ಇನ್ನೇನಿಲ್ಲ.”

“ಇನ್ನೇನಿಲ್ವಂತೆ!” ಎಂದರು ಹೆಂಡತಿ. “ಮೊನ್ನೆ ಮರ ಇಳ್ದೇಟ್ಗೆ ಕಣ್ ಕತ್ಲೆ ಬಂದು ಬುಡದಾಗೇ ಕುಂತ್ಕಂಡಿದ್ರು ಕಣಕ್ಕ.”

“ಸುಮ್ಕಿರೇ! ಬಿಸ್ಲು ಕಣೇ ಅದು. ನಿಂಗೆ ಬಾವಿ ಇಣುಕಿದ್ರೂ ತಲೆ ಸುತ್ತುತ್ತೆ.” ಆಮೇಲೆ ನನ್ನ ಕಡೆ ಬಗ್ಗಿ, “ಅದೊಂದ್ ಬರೀಬ್ಯಾಡಿ ನರ್ಸಮ್ಮ. ಡಾಕ್ಟ್ರು ಮರ ಹತ್ತಬ್ಯಾಡ ಅಂದ್ಬುಟ್ರೆ ಏನ್ ಮಾಡ್ಲಿ? ನಂಗೆ ಬರೋದು ಅದೊಂದೇ.”

ಪೆನ್ನು ಕೆಳಗಿಟ್ಟೆ. ಕೂರಿಸಿ ನೋಡಿದಾಗ ಬಿ.ಪಿ. ಚೆನ್ನಾಗೇ ಇತ್ತು. ಎದ್ದು ನಿಲ್ಲಲು ಹೇಳಿ ಮತ್ತೆ ಗಾಳಿ ಹೊಡೆದೆ. ಪಾದರಸ ಇಳಿಯುತ್ತಲೇ ಹೋಯಿತು. ಬಡಿತ ಕೇಳಿಸುವ ಹೊತ್ತಿಗೆ ಬಹಳ ಕೆಳಗಿತ್ತು. ಅವರ ಇನ್ನೊಂದು ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ತಕ್ಷಣ ಕೂರಿಸಿ, “ಇವತ್ತು ಎದ್ದಾಗಿಂದ ಹೇಳಿ” ಎಂದೆ.

“ಎದ್ದೆ. ಮುಖ ತೊಳ್ಕಂಡೆ. ಎರಡ್ ಮಾತ್ರೆ ನುಂಗಿ ತ್ವಾಟಕ್ ಹೋದೆ.”

“ಎರಡೂ ಒಟ್ಟಿಗಾ? ತಿಂಡಿ?”

“ಹೊಟ್ಟೆ ತುಂಬಿಸ್ಕಂಡು ಯಾರ್ ಮರ ಹತ್ತುತಾರೆ? ಉಣ್ಣೋದು ಇಳಿದ್ ಮ್ಯಾಲೆ. ಹತ್ತೋ ದಿನ ರಾತ್ರೀದೂ ಸೇರಿಸಿ ಬೆಳಿಗ್ಗೇನೇ ನುಂಗ್ತೀನಿ, ಮೈ ಗಟ್ಟಿಯಾಗಿರ್ಲಿ ಅಂತ.”

ಹೆಂಡತಿ ಹಣೆ ಚಚ್ಚಿಕೊಂಡರು.

ಎಲ್ಲವನ್ನೂ ಬರೆದೆ, ಕಣ್ಣು ಕತ್ತಲೆ ಬಂದದ್ದನ್ನೂ. ಪೆನ್ನು ಹೋಗುವುದನ್ನೇ ನೋಡುತ್ತಿದ್ದ ಗಂಡ ಮುಖ ತಿರುಗಿಸಿಕೊಂಡರು. ಡಾಕ್ಟರು ಚೀಟಿ ಓದಿ, ಮಾತ್ರೆ ಕಡಿಮೆ ಮಾಡಿದರು. ಎರಡನ್ನೂ ಒಟ್ಟಿಗೆ ನುಂಗಬಾರದು, ಬರೀ ಹೊಟ್ಟೆಯಲ್ಲಂತೂ ಕೂಡದು, ಒಂದು ವಾರ ಮರದ ತಂಟೆಗೇ ಹೋಗಬೇಡಿ ಎಂದರು.

ವಾರ ಕಳೆದು ಇಬ್ಬರೂ ಬಂದರು. ಗಂಡ ಮುಖ ಬಿಗಿದುಕೊಂಡೇ ಕೈ ಚಾಚಿದರು. ನಿಲ್ಲಿಸಿ ನೋಡಿದೆ, ಕೂತಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಖಾತ್ರಿಗೆ ಇನ್ನೊಂದು ಸಲ ನೋಡಿದೆ. ಡಾಕ್ಟರು ಹತ್ತಬಹುದು ಎಂದದ್ದೇ ತಡ, ಅಂಗಿಯ ತೋಳು ಇಳಿಸಿ, ನನ್ನ ಕಡೆ ನೋಡಿ ನಕ್ಕು, ಚಪ್ಪಲಿ ಮೆಟ್ಟಿ ಬೀದಿಗಿಳಿದರು.

ಹೆಂಡತಿ ಹಿಂದುಳಿದರು.

“ಮದ್ವೆ ಆದಾಗಿಂದ ಅವರು ಮ್ಯಾಲೆ, ನಾನು ಬುಡದಾಗೆ ಕತ್ತೆತ್ಕಂಡು ನಿಂತಿದೀನಿ. ಈ ಒಂದ್ ವಾರ ನೆಲ ನೋಡ್ಕಂಡು ಓಡಾಡ್ದೆ ಕಣಕ್ಕ. ಇನ್ನೊಂದ್ ವಾರ ಬ್ಯಾಡ ಅನ್ಬೋದಿತ್ತು ನೀವು,” ಎಂದು ಸೆರಗು ಸಿಕ್ಕಿಸಿಕೊಂಡು ಗಂಡನ ಹಿಂದೆ ಬಿರಬಿರನೆ ನಡೆದರು.