ಗುರುಶಾಂತಮ್ಮ ಮತ್ತು ಒಂಬತ್ತನೇ ಮೆಟ್ಟಿಲು

ಅತನೂರಿನ ಗಿರಣಿ ಶಿವರಾಯ ಕುಡಿಯುವುದನ್ನು ಹನ್ನೊಂದು ಸಲ ಬಿಟ್ಟಿದ್ದ. ದೇವರ ಮುಂದೆ ದೀಪ ಹಚ್ಚಿ ಬಿಟ್ಟ, ಮಠದಲ್ಲಿ ಪಾದ ಹಿಡಿದು ಬಿಟ್ಟ, ಒಮ್ಮೆ ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಹಾಕಿಕೊಂಡು ಬಂದೂ ಬಿಟ್ಟ. ಲಿಂಗವಂತನ ಕೊರಳಿಗೆ ತುಳಸಿ ಎಲ್ಲಿಂದ ಬಂತೋ ಎಂದು ಊರು ನಗುವಷ್ಟರಲ್ಲಿ ಮಾಲೆ ಗೂಟಕ್ಕೆ ಹೋಗಿತ್ತು, ಶಿವರಾಯ ಸರಾಯಿ ಅಂಗಡಿಗೆ ಹೋಗಿದ್ದ. ಅವನ ಹೆಂಡತಿ ಗುರುಶಾಂತಮ್ಮ ಈ ಬಿಡುವ ಸಂಭ್ರಮಗಳನ್ನೆಲ್ಲ ನೋಡಿ ನೋಡಿ ಸಾಕಾಗಿ, ಹನ್ನೆರಡನೆಯ ಸಲ ಅವನು ಬಿಡುತ್ತೇನೆ ಎಂದಾಗ ಜೋಳ ಅಳೆಯುವುದನ್ನು ನಿಲ್ಲಿಸಲೇ ಇಲ್ಲ.

ಆಕೆಯ ತವರು ಆಳಂದದ ಕಡೆ. ಹದಿನೈದಕ್ಕೆ ಸೊಸೆಯಾಗಿ ಬಂದು, ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಓದಿಸಿ, ಮದುವೆ ಮಾಡಿ ಕಳಿಸಿದವಳು. ಗಂಡ ಚರಂಡಿ ಪಕ್ಕ ಬಿದ್ದಿದ್ದ ವರ್ಷಗಳಲ್ಲಿ ಹಿಟ್ಟಿನ ಗಿರಣಿಯನ್ನು ಆಕೆಯೇ ನಡೆಸಿದಳು. ಸವೆದ ಕಲ್ಲನ್ನು ಮೇಲೆತ್ತಿಸಿ ಉಳಿಯಿಂದ ಹಲ್ಲು ಕಡಿಯುವುದು ಗಂಡಸರ ಕೆಲಸವೆಂದು ಊರಿನವರು ಹೇಳುತ್ತಿದ್ದರು, ಹೇಳಿದವರ ಮನೆಯ ಜೋಳವೂ ಆಕೆ ಕಡಿದ ಕಲ್ಲಿನ ಕೆಳಗೇ ಹಿಟ್ಟಾಗುತ್ತಿತ್ತು. ಬಾಯಿ ಜೋರು, ಕೈ ಧಾರಾಳ. ನಂಬಿದರೆ ಪೂರಾ ನಂಬುವಳು, ಬಿಟ್ಟರೆ ಪೂರಾ ಬಿಡುವಳು. ಆಕೆಯ ಬದುಕಿನ ಕಷ್ಟವೆಲ್ಲ ಈ ಒಂದು ಗುಣದಿಂದಲೇ ಬಂತು ಎಂದರೆ ತಪ್ಪಾಗದು.

೧೯೮೯ರ ಕಾರಹುಣ್ಣಿಮೆ ಕಳೆದ ಮೇಲೆ ಶಿವರಾಯ ಅಫಜಲಪುರಕ್ಕೆ ಹೋಗಿ ಒಂದು ಸಾಲಿಯ ಖೋಲಿಯಲ್ಲಿ ಕುಳಿತು ಬಂದ. ಅಲ್ಲಿ ಪ್ರತಿ ಭಾನುವಾರ ಎಂಟು ಹತ್ತು ಮಂದಿ ಸುತ್ತುಗಟ್ಟಿ ಕೂಡುತ್ತಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಹೆಸರು ಹೇಳಿ 'ನಾನು ಕುಡುಕ' ಎನ್ನುವುದು, ಉಳಿದವರು ನಗದೆ ಕೇಳುವುದು. ಊರೇ ಹೇಳುತ್ತಿದ್ದ ಮಾತನ್ನು ತಾನೇ ಹೇಳಿಕೊಳ್ಳಲು ಎರಡು ತಾಸು ಬಸ್ಸಿಗೆ ಕಾಯ್ದು ಹೋಗಬೇಕೇ ಎಂದು ಗುರುಶಾಂತಮ್ಮ ಮೊದಲ ದಿನ ಗೊಣಗಿದಳು. ಆದರೆ ಆ ಕೂಟಕ್ಕೆ ಒಂದು ಕ್ರಮವಿತ್ತು. ಹನ್ನೆರಡು ಮೆಟ್ಟಿಲು. ಹೊಸಬನನ್ನು ಕೈಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಲು ಹಳಬನೊಬ್ಬ, ಅವನನ್ನು ಸ್ಪಾನ್ಸರ್ ಎನ್ನುತ್ತಿದ್ದರು. ಶಿವರಾಯನಿಗೆ ಸಿಕ್ಕವರು ಜೇವರ್ಗಿಯ ಅಂಬಾರಾಯ ಮಾಸ್ತರರು. ಸಾಲಿಯ ನೌಕರಿಯಿಂದ ನಿವೃತ್ತರು, ಒಂಬತ್ತು ವರ್ಷದಿಂದ ಹನಿ ಮುಟ್ಟದವರು.

ಮಾಸ್ತರರು ಭಾನುವಾರ ಕೂಟ ಮುಗಿಸಿ ಶಿವರಾಯನ ಜೊತೆ ಅತನೂರಿಗೇ ಬಂದುಬಿಡುತ್ತಿದ್ದರು. ಮೊದಲ ದಿನವೇ ಶಿವರಾಯ, "ಹನ್ನೆರಡೂ ಈ ತಿಂಗಳದಾಗ ಮುಗಿಸಿಬಿಡ್ತೇನಿ ಮಾಸ್ತರ್ರ," ಎಂದ. ಮಾಲೆ ಹಾಕಿಕೊಂಡ ದಿನವೇ ಪುಣ್ಯವಂತನಾಗುವ ರೂಢಿಯ ಊರು ಅದು, ಅವನದೇನೂ ತಪ್ಪಲ್ಲ.

ಮಾಸ್ತರರು ಗಿರಣಿಯ ಕಡೆ ಕೈ ತೋರಿಸಿದರು. "ಕಲ್ಲು ಒಮ್ಮೆಲೇ ಬಿಗಿ ಮಾಡಿದ್ರ ಏನಾಗ್ತದೋ?"

"ಹಿಟ್ಟು ಸುಡ್ತದ್ರಿ."

"ಮತ್ತ? ಒಂದನೇ ಮೆಟ್ಟಿಲದ ಮ್ಯಾಲ ಒಂದು ತಿಂಗಳು ಕುಂದ್ರು. ತಾಳಿದಂವ ಬಾಳ್ಯಾನು."

ಈ ಮಾತು ಕೇಳಿದ್ದೇ ಗುರುಶಾಂತಮ್ಮನಿಗೆ ಆ ಮನುಷ್ಯನ ಮೇಲೆ ಭರವಸೆ ಮೂಡಿತು. ಗಿರಣಿ ಬಲ್ಲವನ ಮಾತು ಎನಿಸಿತು. ಶ್ರಾವಣದ ಪಂಚಮಿಗೆ ಮಾಸ್ತರರು ಒಂದು ಕುಬಸದ ಖಣ ತಂದು, "ತವರಿನಿಂದ ಬಂತಂತ ತಿಳಿ ತಂಗಿ," ಎಂದಾಗ ಆಕೆ ಒಳಗೆ ಹೋಗಿ ಅತ್ತಳು. ಅಣ್ಣತಮ್ಮಂದಿರಿಲ್ಲದ ಹೆಂಗಸು. ಅಂದಿನಿಂದ ಭಾನುವಾರದ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು ಎಲ್ಲ ಅಣ್ಣನಿಗೇ. ಬಡಿಸುವಾಗ ಆಕೆಯ ಪ್ರಶ್ನೆ ಒಂದೇ: "ಈಗ ಎಷ್ಟನೇ ಮೆಟ್ಟಿಲ್ರಿ?" ಒಂಬತ್ತನೆಯದರಲ್ಲಿ, ಕುಡಿತದ ಕಾಲದಲ್ಲಿ ನೋಯಿಸಿದವರ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕೆಂದು ಆಕೆ ತಿಳಿದುಕೊಂಡಿದ್ದಳು. ಮೈಮೇಲಿನ ಪೆಟ್ಟುಗಳನ್ನು ಒಮ್ಮೆಯಾದರೂ ಗಂಡ ಬಾಯಿಬಿಟ್ಟು ಒಪ್ಪಿಯಾನು ಎಂಬ ಆಸೆ ಇತ್ತು. ಅದಕ್ಕಾಗಿ ಎಷ್ಟು ನಿಧಾನವಾದರೂ ಆಕೆಗೆ ಒಪ್ಪಿಗೆಯೇ.

ನಾಲ್ಕನೆಯ ಮೆಟ್ಟಿಲಿಗೆ ಶಿವರಾಯ ಒಂದು ನೋಟಬುಕ್ಕಿನಲ್ಲಿ ತಾನು ಮಾಡಿದ ತಪ್ಪುಗಳನ್ನು ಬರೆದ. ಬರೆಯಲು ತಿಂಗಳು ಹಿಡಿಯಿತು. ಐದನೆಯದು ಅದನ್ನು ಒಬ್ಬ ಮನುಷ್ಯನ ಎದುರಿಗೆ ಓದುವುದು. ಅಕ್ಟೋಬರಿನ ಒಂದು ಭಾನುವಾರ ಮಾಸ್ತರರು ಅವನನ್ನು ಭೀಮಾ ದಂಡೆಗೆ ಕರೆದುಕೊಂಡು ಹೋದರು. ಮೂರು ತಾಸು ಬಿಟ್ಟು ಬಂದಾಗ ಶಿವರಾಯನ ಕಣ್ಣು ಕೆಂಪಾಗಿದ್ದವು, ಮುಖ ಹಗುರವಾಗಿತ್ತು. ಐದು ಮುಗಿಯಿತಂತೆ ಎಂದು ಗುರುಶಾಂತಮ್ಮ ಹೋಳಿಗೆ ಮಾಡಿದ್ದಳು. ಮಾಸ್ತರರು ತಲೆ ಎತ್ತದೆ ಉಂಡರು. ದಣಿವಾಗಿರಬೇಕು ಎಂದುಕೊಂಡು ಆಕೆ ಇನ್ನೊಂದು ಹೋಳಿಗೆಗೆ ತುಪ್ಪ ಸುರಿದಳು.

ಇಲ್ಲಿ ಹುಸೇನಬೀಯ ಸಂಗತಿ ಹೇಳಲೇಬೇಕು. ಮನೆಮನೆಗೆ ಹೋಗಿ ಕಾಳು ಹಸನು ಮಾಡಿ ಬದುಕುತ್ತಿದ್ದ ಹುಸೇನಬೀ, ಗುರುಶಾಂತಮ್ಮನ ಇಪ್ಪತ್ತು ವರ್ಷದ ಗೆಳತಿ. ಎರಡೂ ಹೆರಿಗೆಯಲ್ಲಿ ಬೆನ್ನು ಹಿಡಿದು ಕುಳಿತವಳು. ಕುಡಿದು ಬಂದ ಗಂಡನ ಕೈಗೆ ಸಿಗದಂತೆ ಗೆಳತಿಯನ್ನು ಎಷ್ಟೋ ಸಂಜೆ ತನ್ನ ಮನೆಯಲ್ಲಿ ಕೂರಿಸಿಕೊಂಡವಳು. ೧೯೮೩ರಲ್ಲಿ ಗುರುಶಾಂತಮ್ಮನ ದೇವರ ಮಾಡದಿಂದ ಬೆಳ್ಳಿಯ ಕರಡಿಗೆ ಕಳುವಾಯಿತು. ಅದು ಆಕೆಯ ತಂದೆಯದು. ತಂದೆಯ ಲಿಂಗ ಅವನ ಅಂಗೈಯಲ್ಲೇ ಮಣ್ಣಿಗೆ ಹೋಗಿತ್ತು, ಅದನ್ನಿಡುತ್ತಿದ್ದ ಖಾಲಿ ಕರಡಿಗೆ ಮಾತ್ರ ಮಗಳ ಪಾಲಿಗೆ ಉಳಿದಿತ್ತು. ಅಂದು ಒಳಕೋಣೆಯಲ್ಲಿ ಕಾಳು ಹಸನು ಮಾಡಲು ಕುಳಿತಿದ್ದವಳು ಹುಸೇನಬೀ ಒಬ್ಬಳೇ.

ಸಿಟ್ಟು ನೆತ್ತಿಗೇರಿದ ಗುರುಶಾಂತಮ್ಮ ಗಿರಣಿಯ ಮುಂದೆ, ಹಿಟ್ಟಿಗೆ ಬಂದ ಹೆಂಗಸರೆಲ್ಲರ ಎದುರಿಗೆ, ಗೆಳತಿಯ ಸೆರಗು ಹಿಡಿದಳು. "ದರ್ಗಾದ ಹೊಸ್ತಲಾ ಮುಟ್ಟಿ ಆಣಿ ಮಾಡ್ ನಡಿ!" ಎಂದಳು. ಆ ಊರಿನ ನ್ಯಾಯ ಅದೇ. ದರ್ಗಾದ ಹೊಸ್ತಿಲ ಮೇಲೆ ಸುಳ್ಳಾಣೆ ಮಾಡಿದವರು ವರ್ಷದೊಳಗೆ ಸಾಯುತ್ತಾರೆ, ಆಣೆಗೆ ಹಿಂಜರಿದವರು ಕಳ್ಳರು. ಒಬ್ಬರು ಆಣೆ ಮಾಡಿ ಪಾರಾದರೆ ಸರದಿ ಮನೆಯಲ್ಲಿದ್ದ ಮುಂದಿನವರಿಗೆ.

ಹುಸೇನಬೀ ಸೆರಗು ಬಿಡಿಸಿಕೊಂಡಳು. "ಇಪ್ಪತ್ತು ವರ್ಷ ಆದ ಮ್ಯಾಲ ನನ್ನ ಆಣಿ ಬೇಕಾತೇನ್ ಗುರುಶಾಂತಿ? ನಾ ಮಾಡಂಗಿಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಶಿವರಾಯ ಎಲ್ಲರಿಗೂ ಕೇಳುವಂತೆ, "ಕದ್ದಿಲ್ಲಂದ್ರ ಆಣಿ ಮಾಡಾಕ ಏನ್ ಧಾಡಿ?" ಎಂದ.

ಅಷ್ಟೇ ಸಾಕಾಯಿತು. ಅಂದಿನಿಂದ ಆಕೆ ಊರಿಗೆಲ್ಲ ಕರಡಗಿ ಹುಸೇನಬೀ. ಯಾರೂ ಕಾಳಿಗೆ ಕರೆಯಲಿಲ್ಲ. ಹೊಲದ ಕೂಲಿಗೆ ಹೋದಳು. ಮಗಳು ಜೈತುನಬಿಗೆ ಬಂದ ಎರಡು ಸಂಬಂಧ ಈ ಹೆಸರು ಕೇಳಿಯೇ ತಿರುಗಿ ಹೋದವು. ಗುರುಶಾಂತಮ್ಮ ಆಕೆಯ ಓಣಿಯಲ್ಲಿ ಏಳು ವರ್ಷ ಕಾಲಿಡಲಿಲ್ಲ. ಬಿಟ್ಟರೆ ಪೂರಾ ಬಿಡುವ ಗುಣ ಎಂದೆನಲ್ಲ.

೧೯೯೦ರ ಜನವರಿಯಲ್ಲಿ ಹುಸೇನಬೀ ಹಾಸಿಗೆ ಹಿಡಿದಳೆಂದು ಗಿರಣಿಗೆ ಬಂದವರು ಹೇಳಿದರು. ಶಿವರಾಯ ಕುಡಿಯದೆ ಏಳು ತಿಂಗಳಾಗುತ್ತ ಬಂದಿತ್ತು. ಮನೆಯಲ್ಲಿ ಶಾಂತಿಯಿತ್ತು, ಶಾಂತಿಯಿದ್ದಾಗ ಮನುಷ್ಯರಿಗೆ ಹಳೆಯ ಗೆಳೆತನ ನೆನಪಾಗುತ್ತದೆ. ಗುರುಶಾಂತಮ್ಮ ಎರಡು ದಿನ ಯೋಚಿಸಿ, ಗಂಡನಿಗೆ, "ಏನರೆ ಆಗ್ಲಿ, ಹೋಗಿ ಮಾರಿ ನೋಡಿ ಬರ್ತೇನಿ," ಎಂದಳು. ಶಿವರಾಯನ ಕೈಯಲ್ಲಿನ ರೊಟ್ಟಿ ತಾಟಿಗೆ ಬಿತ್ತು. ಮಾಸ್ತರರನ್ನು ಕೇಳಿ ಹೇಳುತ್ತೇನೆ ಎಂದ. ಹೆಂಡತಿ ಗೆಳತಿಯ ಮನೆಗೆ ಹೋಗಲು ಮಾಸ್ತರರ ಅಪ್ಪಣೆ ಯಾಕೆ ಎಂದು ಆಕೆಗೆ ನಗು ಬಂತು. ಭಾನುವಾರ ಗಂಡಸರಿಬ್ಬರೂ ಗಿರಣಿಯ ಹಿಂದೆ ನಿಂತು ಬಹಳ ಹೊತ್ತು ಮಾತಾಡಿದರು. ಅವತ್ತು ಸಂಜೆ ಶಿವರಾಯ ಹೇಳಿದ: "ಕಳ್ಳಿ ಮನಿಗಿ ಯಾಕ ಹೋಗ್ತಿ? ಮಂದಿ ಏನಂದಾರು?"

ಗುರುಶಾಂತಮ್ಮ ಹೋಗಲಿಲ್ಲ. ಕುಡಿಯದ ಗಂಡನ ಮಾತು ಅದು, ಅದಕ್ಕೆ ಬೆಲೆ ಕೊಡಬೇಕು ಎಂದುಕೊಂಡಳು.

ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಹುಸೇನಬೀ ತೀರಿಕೊಂಡ ಸುದ್ದಿ ಬಂತು. ಮಾಸ್ತರರು ಊಟಕ್ಕೆ ಬಂದಿದ್ದರು. ಗಿರಣಿ ನಡೆಯುತ್ತಿತ್ತು, ಹೊರಗೆ ಏಳೆಂಟು ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಚಹಾ ತೆಗೆದುಕೊಂಡು ಬಂದ ಗುರುಶಾಂತಮ್ಮನಿಗೆ ಪಡಸಾಲೆಯಲ್ಲಿ ಗಂಡ ಅಳುವುದು ಕೇಳಿಸಿತು.

"ಆಕಿ ಮುಂದ ಒಪ್ಕೋಬೇಕಿತ್ರಿ ಮಾಸ್ತರ್ರ. ಕರಡಗಿ ನಾನೇ ಒಯ್ದು ಮಾರಿದ್ದು ಅಂತ ಹೇಳಬೇಕಿತ್ತು. ಹೋಗಿಬಿಟ್ಟಳಲ್ರಿ."

"ಗಪ್ಪಾಗೋ ಶಿವರಾಯ. ಅದು ಒಂಬತ್ತನೇ ಮೆಟ್ಟಿಲದ ಮಾತು. ಈಗ ಬರೀ ಇವತ್ತಿನ ದಿನಾ ನೋಡು."

ಆಕೆ ಚಹಾವನ್ನು ನೆಲದ ಮೇಲಿಟ್ಟಳು. ಗಂಡನ ಕಡೆ ನೋಡಲಿಲ್ಲ. ಕುಡುಕ ಕದ್ದ, ಕುಡುಕ ಸುಳ್ಳು ಹೇಳಿದ, ಅದನ್ನು ಆಕೆ ಎಂದಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ 'ಕಳ್ಳಿ ಮನಿ' ಎಂದದ್ದು ಸರಾಯಿಯಲ್ಲ, ಶಿವರಾಯ. ಬಾಯಲ್ಲಿ ಚಹಾದ ವಾಸನೆ ಇಟ್ಟುಕೊಂಡು ಅಂದದ್ದು.

"ನಿಮಗ ಯಾವಾಗ ಗೊತ್ತಾತ್ರಿ, ಅಣ್ಣಾರ?"

ಮಾಸ್ತರರು ಸುಳ್ಳು ಹೇಳುವವರಲ್ಲ. "ಐದನೇ ಮೆಟ್ಟಿಲಕ್ಕ, ತಂಗಿ."

"ಅಂದ್ರ ಹೋಳಿಗಿ ಉಂಡ ದಿನಾ. ಹದಿನಾರು ಐತವಾರ ಆದ್ವು. ನನ್ನ ಕೈಲೆ ಉಂಡು, ತಂಗಿ ತಂಗಿ ಅಂತ, ಹದಿನಾರು ಐತವಾರ ಸುಮ್ಮಕ ಕುಂತ್ರಿ."

"ಐದನೇದ್ರಾಗ ಕೇಳಿದ್ದು ಇನ್ನೊಬ್ಬರ ಕಿವಿಗೆ ಹಾಕಬಾರದವ್ವ. ಅದು ನಮ್ಮ ನೇಮ. ಮತ್ತ ಅಷ್ಟು ಲಗೂನ ಇವನ್ನ ಊರ ಮುಂದ ನಿಂದ್ರಿಸಿದ್ರ ತಿರುಗಿ ಕುಡೀತಿದ್ದ. ಇನ್ನೊಮ್ಮೆ ಕುಡಿದ್ರ ಉಳಿಯಂಗಿಲ್ಲಂತ ಡಾಕ್ಟರ ಅಂದಾರ. ಇಂವ ಬದುಕಬೇಕಿತ್ತಲ್ಲ ತಂಗಿ."

"ಆಕಿ ಸಾಯಬೇಕಿತ್ತೇನ್ರಿ?"

ಆಗ ಆಕೆ ಗಂಡನ ಕಡೆ ತಿರುಗಿದಳು. "ಏಳು. ಇನ್ನಾ ಜನಾಜಾ ಎದ್ದಿಲ್ಲ. ಮಣ್ಣಿಗೆ ಒಯ್ಯೂದ್ರಾಗ ಆ ಮಂದಿ ಮುಂದ ನಿಂತು ಹೇಳು ನಡಿ. ಹೊತ್ತವರಿಗೆರೆ ಗೊತ್ತಾಗ್ಲಿ, ಅವರು ಹೊತ್ತದ್ದು ಕಳ್ಳಿ ಹೆಣ ಅಲ್ಲ ಅಂತ."

"ಇವತ್ತು ಬ್ಯಾಡ ತಂಗಿ. ಇವತ್ತು ಹೇಳಿದ್ರ ಸಂಜೀಕ ಕುಡೀತಾನ."

"ಕುಡೀಲಿ."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಗುರುಶಾಂತಮ್ಮನಿಗೆ ನಂಬಲಾಗಲಿಲ್ಲ. ಇಪ್ಪತ್ತೈದು ವರ್ಷ ಅವನು ಬಿಡಲೆಂದು ಹರಕೆ ಹೊತ್ತವಳು. ಆದರೂ ಹಿಂದೆಗೆದುಕೊಳ್ಳಲಿಲ್ಲ. ಶಿವರಾಯ ಹೆಂಡತಿಯನ್ನು ನೋಡಿದ, ಮಾಸ್ತರರನ್ನು ನೋಡಿದ. ಮಾಸ್ತರರು ಅವನ ತೋಳು ಹಿಡಿದರು. ಅವನು ಏಳಲಿಲ್ಲ.

ಗುರುಶಾಂತಮ್ಮ ಹೊರಗೆ ಬಂದು ಗಿರಣಿಯ ಸ್ವಿಚ್ಚು ಕೆಳಗೆ ಎಳೆದಳು. ಪಟ್ಟಾ ನಿಧಾನವಾಗಿ ನಿಂತಿತು. ಹೆಂಗಸರು ಕರೆಂಟು ಹೋಯಿತೆಂದು ತಲೆ ಎತ್ತಿದರು. ಏಳು ವರ್ಷದ ಹಿಂದೆ ಗೆಳತಿಯ ಸೆರಗು ಹಿಡಿದಿದ್ದ ಅದೇ ಜಾಗದಲ್ಲಿ ನಿಂತು ಆಕೆ ಹೇಳಿದಳು: "ಕರಡಗಿ ಕದ್ದಾಂವ ನನ್ನ ಗಂಡ. ಹುಸೇನಬೀ ಅಲ್ಲ. ಕೇಳಿಸ್ತೇನ್ ಎಲ್ಲಾರಿಗಿ?" ಆಕೆ ಚಪ್ಪಲಿ ಮೆಟ್ಟದೆ ಹುಸೇನಬೀಯ ಓಣಿಯತ್ತ ನಡೆದಳು.

ಜೈತುನಬಿ ಬಾಗಿಲಲ್ಲೇ ಇದ್ದಳು. ಗುರುಶಾಂತಮ್ಮ ಅಲ್ಲಿಯೂ ಅದನ್ನೇ ಗಟ್ಟಿಯಾಗಿ ಹೇಳಿದಳು. ಹುಡುಗಿ ಅಳಲೂ ಇಲ್ಲ, ಬೈಯಲೂ ಇಲ್ಲ.

"ಅವ್ವಗ ಗೊತ್ತಿತ್ತು ಮೌಶಿ. ಅವತ್ತು ಕಾಕಾ ಕಿಸೇದಾಗ ಕೈ ಇಟ್ಕೊಂಡು ಹಿತ್ತಲ ಬಾಗಿಲ್ಲೆ ಹೋಗೂದು ನೋಡಿದ್ಳು. ತಾ ಆಣಿ ಮಾಡಿದ್ರ ಮುಂದಿನ ಆಣಿ ಕಾಕಾಗ ಬರ್ತಿತ್ತು. ಅಂವ ಹೊಸ್ತಲಾ ಮುಟ್ಟಿ ಸುಳ್ಳ ಹೇಳಿ ಸತ್ತ ಅಂದ್ರ ಗುರುಶಾಂತಿ ಕುಂಕುಮ ಹೋಗ್ತದ ಅಂತಿದ್ಳು."

"ನನಗ್ಯಾಕ ಹೇಳಲಿಲ್ಲ ಬೇ?"

"ನೀ ಎಲ್ಲಿ ಕೇಳಿದಿ ಮೌಶಿ? ನೀ ಆಣಿ ಬೇಡಿದಿ." ಜೈತುನಬಿ ಒಳಗಿನ ಕಡೆ ತಿರುಗಿ ಹೇಳಿದಳು: "ತಿಂಗಳಾತು, ಬಾಗಲ ಕಡೀಗೇ ಮಾರಿ ಮಾಡಿ ಮಲಗ್ತಿದ್ಳು. ಗುರುಶಾಂತಿ ಬಂದೇ ಬರ್ತಾಳ ಅಂತಿದ್ಳು."

ಒಳಗೆ ಬಾ ಎಂದು ಜೈತುನಬಿ ಕರೆದಳು. ಗುರುಶಾಂತಮ್ಮ ಗೆಳತಿಯ ಮುಖ ನೋಡಿದಳು. ಅದರ ಬಗ್ಗೆ ಆಕೆ ಯಾರೊಂದಿಗೂ ಮಾತಾಡಲಿಲ್ಲ, ನಾವೂ ಕೇಳುವುದು ಬೇಡ.

ಶಿವರಾಯ ಅಂದು ಸಂಜೆ ಕುಡಿಯಲಿಲ್ಲ. ಮರುದಿನವೂ ಇಲ್ಲ. ಮಾಸ್ತರರು ಮೂರು ದಿನ ಅವನನ್ನು ಜೇವರ್ಗಿಯ ತಮ್ಮ ಮನೆಯಲ್ಲಿಟ್ಟುಕೊಂಡು ಕಾಯ್ದರು. ಗೆಲುವು ಅವರದೇ, ಅದನ್ನು ಇಲ್ಲವೆನ್ನಲಾಗದು. ಗುರುಶಾಂತಮ್ಮ ಗಂಡನಿಗೆ ರೊಟ್ಟಿ ಬಡಿಸುವುದನ್ನು ನಿಲ್ಲಿಸಲಿಲ್ಲ, ಮಾಸ್ತರರಿಗೂ ಬಡಿಸಿದಳು. ಅಣ್ಣಾರ ಎನ್ನುವುದನ್ನು ಮಾತ್ರ ಬಿಟ್ಟಳು. ಎಷ್ಟನೇ ಮೆಟ್ಟಿಲು ಎಂದು ಮತ್ತೆಂದೂ ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ, ಎಲ್ಲ ಕ್ರಮವಾಗಿ ನಡೆದು, ಒಂಬತ್ತನೆಯ ಮೆಟ್ಟಿಲು ಬಂತು. ಶಿವರಾಯ ಮಾಸ್ತರರ ಜೊತೆ ಜೈತುನಬಿಯ ಮನೆಗೆ ಹೋಗಿ, ಬಾಗಿಲು ಮುಚ್ಚಿಕೊಂಡು ಕ್ಷಮೆ ಕೇಳಿದ. ಆಕೆ ಚಹಾ ಕೊಟ್ಟು ಕಳಿಸಿದಳು. ಆ ತಿಂಗಳು ಅಫಜಲಪುರದ ಕೂಟಕ್ಕೆ ಮನೆಮಂದಿಯನ್ನೂ ಕರೆದಿದ್ದರು. ಶಿವರಾಯ ಎದ್ದು ನಿಂತು, ಕಣ್ಣೊರೆಸಿಕೊಂಡು, ತಾನು ಒಂಬತ್ತನೆಯ ಮೆಟ್ಟಿಲು ಹತ್ತಿದ ಕಥೆ ಹೇಳಿದ. ಖೋಲಿ ತುಂಬ ಚಪ್ಪಾಳೆ ಬಿತ್ತು. ಗುರುಶಾಂತಮ್ಮನ ಕೈ ಮಡಿಲಲ್ಲೇ ಇದ್ದವು.

ಚಹಾದ ಹೊತ್ತಿಗೆ ಮಾಸ್ತರರು ಹತ್ತಿರ ಬಂದು ನಿಂತರು. ಅವರಿಗೂ ವಯಸ್ಸಾಗಿತ್ತು, ದನಿ ಇಳಿದಿತ್ತು.

"ತಂಗಿ, ಅಂವ ತಪ್ಪ ಒಪ್ಕೋಬೇಕಾದವರ ಯಾದಿದಾಗ ನಿನ್ನ ಹೆಸರೂ ಅದ. ಕಟ್ಟಕಡೀಗಿ ಬರೆಸೀನಿ. ಎಲ್ಲಾಕಿಂತ ಕಠಿಣ ನಿನ್ನ ಮುಂದ ಒಪ್ಕೊಳ್ಳೂದೇ. ಅವಸರ ಮಾಡಿದ್ರ ಅವಗ ತಾಳಂಗಿಲ್ಲ. ಇನ್ನ ಸ್ವಲ್ಪ ದಿನಾ ಹೋಗ್ಲಿ."

"ಹೋಗ್ಲಿರಿ ಮಾಸ್ತರ್ರ, ನಿಧಾನಕ್ಕ ಮಾಡ್ರಿ," ಎಂದಳು ಗುರುಶಾಂತಮ್ಮ, ಸೆರಗು ಹೊದ್ದು ಬಸ್ಸಿಗೆ ಹೊರಡುತ್ತ. "ಹುಸೇನಬೀನೂ ಕಾಯ್ದಳು."