ಹುಳುಮನೆಯ ಪಕ್ಕದ ಅಂಬಾಸಿಡರ್

ಸಿದ್ದರಾಮು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವನು. ಊರು ಮಾಗಡಿ ಕಡೆಯ ತಿಪ್ಪಸಂದ್ರ. ಕುರಿ ಮಂಕಾಗಿ ನಿಂತರೆ ಅವನಪ್ಪ ಪುಟ್ಟಲಿಂಗಯ್ಯ ಮೊದಲು ಅದರ ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡುತ್ತಿದ್ದ. ನೋಡದೆ ಔಷಧಿ ಕುಡಿಸಿದವನಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು ಚನ್ನಪಟ್ಟಣದ ನಿಯಾಜ್ ಸಾಹೇಬರ ಗ್ಯಾರೇಜು ಸೇರಿದ ಸಿದ್ದರಾಮು ಎಂಜಿನ್ನಿಗೂ ಅದೇ ಪದ್ಧತಿ ಹಿಡಿದ. ನಡುವೆ ಬಿಡದಿಯ ಕಾರ್ಖಾನೆಯೊಂದರಲ್ಲಿ ಒಂದು ವರ್ಷ ಇದ್ದದ್ದೂ ಉಂಟು. ಯಾಕೆ ಬಿಟ್ಟೆ ಎಂದು ಕೇಳಿದರೆ, “ಅಲ್ಲಿರೋವೆಲ್ಲಾ ಹೊಸ ಗಾಡಿ ಕಣಣ್ಣ. ಕೆಟ್ಟಿರೋದು ಒಂದೂ ಸಿಗಲ್ಲ, ನಾನೇನ್ ಮಾಡ್ಲಿ?” ಎನ್ನುತ್ತಾನೆ. ಈಗ ಐವತ್ತರ ಹತ್ತಿರ. ಕನಕಪುರದ ರಸ್ತೆ ಬದಿಯಲ್ಲಿ ಅವನದೇ ಶೆಡ್ಡು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ, ಒಂದು ಶನಿವಾರ, ದೊಡ್ಡಆಲಹಳ್ಳಿಯ ರೈತ ದಾಸಪ್ಪ ಆ ಶೆಡ್ಡಿಗೆ ಬಂದ. ಎಪ್ಪತ್ತು ದಾಟಿದ ವಯಸ್ಸು. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಸುತ್ತಿದ ಉದ್ದನೆಯ ಕಡ್ಡಿ. ಬಿಚ್ಚಿದರೆ ಎಂಜಿನ್ ಆಯಿಲ್ ಅಳೆಯುವ ಕಡ್ಡಿ. ತುದಿಯಲ್ಲಿ ಆಯಿಲ್ ಇರಬೇಕಾದ ಕಡೆ ಹಾಲು ಹೆಚ್ಚಾದ ಕಾಫಿ ಬಣ್ಣದ ಲೋಳೆ.

“ಬಸ್ಸಲ್ಲಿ ಇದನ್ನ ಹಿಡ್ಕಂಡ್ ಬಂದ್ರಾ ಗೌಡ್ರೇ?”

“ಗಾಡೀನೇ ತರಕ್ಕಾಗಲ್ವಲ್ಲಪ್ಪ. ಕಂಡಕ್ಟ್ರು ಇದ್ಕೂ ಲಗೇಜ್ ಟಿಕೆಟ್ ಹರೀಲಾ ಅಂದ.”

ಗಾಡಿ ಎಂದರೆ ದಾಸಪ್ಪನ ಬಿಳಿ ಅಂಬಾಸಿಡರ್. ಇಪ್ಪತ್ತೈದು ವರ್ಷ ಅದನ್ನು ಬಾಡಿಗೆಗೆ ಓಡಿಸಿದ್ದ. ಊರಿನ ಅರ್ಧ ಹೆರಿಗೆಗಳಿಗೆ ಕನಕಪುರದ ಆಸ್ಪತ್ರೆ ದಾರಿ ತೋರಿಸಿದ್ದು ಅದೇ. ಕಣ್ಣಿಗೆ ಪೊರೆ ಬಂದ ವರ್ಷ ನಿಲ್ಲಿಸಿದ. ಆಪರೇಷನ್ ಆಗಿ ಕಣ್ಣು ಸರಿಹೋಯಿತು, ಗಾಡಿ ಮಾತ್ರ ಆರು ವರ್ಷ ನಿಂತೇ ಇತ್ತು. ಮತ್ತೆ ರಸ್ತೆಗೆ ಇಳಿಸುವ ಮುನ್ನ ತೋರಿಸೋಣವೆಂದು ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದ್ದ. ಅವನು ಈ ಲೋಳೆ ನೋಡಿ, ಎಂಜಿನ್ನಿನ ಬ್ಲಾಕ್ ಸೀಳಿದೆ, ರೇಡಿಯೇಟರ್ ನೀರು ಆಯಿಲ್ಲಿಗೆ ಇಳಿಯುತ್ತಿದೆ, ಗುಜರಿಗೆ ಹಾಕಿ ಎಂದು ಹೇಳಿ ಹೋದ. ಮಗ ಬಾಲರಾಜು ಅಷ್ಟಕ್ಕೇ ಕಾಯುತ್ತಿದ್ದ. ರೇಷ್ಮೆ ಹುಳುವಿಗೆ ತಂದ ಸೊಪ್ಪು ಇಡಲು ಅವನಿಗೆ ಜಾಗ ಬೇಕಿತ್ತು. ಸೋಮವಾರ ಬಂದು ಎತ್ತಿಕೊಂಡು ಹೋಗು ಎಂದು ಗುಜರಿಯ ಕರೀಂಗೆ ಫೋನ್ ಮಾಡಿಬಿಟ್ಟಿದ್ದ.

“ಹೋದ್ರೆ ಹೋಗ್ಲಿ, ನಂಗೇನೂ ಇಲ್ಲ ಕಣ್ಲಾ” ಎಂದ ದಾಸಪ್ಪ. ಹೇಳುತ್ತಲೇ ಕಡ್ಡಿಗೆ ಮತ್ತೆ ಜೋಪಾನವಾಗಿ ಸೊಪ್ಪು ಸುತ್ತುತ್ತಿದ್ದ.

ಸಿದ್ದರಾಮು ಲೋಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. “ಆಯಿಲ್‌ಗೆ ನೀರ್ ಸೇರೈತೆ, ಅದು ದಿಟ. ಎಲ್ಲಿಂದ ಸೇರ್ತು ಅನ್ನೋದನ್ನ ಗಾಡೀನೇ ಹೇಳ್ಬೇಕು. ಯಾರೂ ಸ್ಟಾರ್ಟ್ ಮಾಡಕ್ ಹೋಗ್ಬ್ಯಾಡಿ. ನಡೀರಿ.”

ಅಂಬಾಸಿಡರ್ ನಿಂತಿದ್ದದ್ದು ರೇಷ್ಮೆ ಸಾಕುವ ಹುಳುಮನೆಯ ಗೋಡೆಗೆ ಆನಿಸಿ ಹಾಕಿದ ಶೀಟಿನ ಕೆಳಗೆ. ನಡುವೆ ಬಲೆ ಹೊಡೆದ ಕಿಟಕಿ. ಹುಳುವಿಗೆ ತಂಪಿರಲೆಂದು ಒಳಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದರು. ಸಿದ್ದರಾಮು ರೇಡಿಯೇಟರ್ ಮುಚ್ಚಳ ತೆಗೆದ. ನೀರು ಬಾಯಿಮಟ್ಟ ಇತ್ತು, ಮೇಲೆ ಜಿಡ್ಡಿಲ್ಲ. ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟು, ಅದರ ಗಡಿಯಾರದ ಮುಳ್ಳು ಇಳಿಯುತ್ತದೇನೋ ಎಂದು ನೋಡುತ್ತ ಕೂತ. ಒಂದು ಗಂಟೆ ಕಳೆಯಿತು.

ದಾಸಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಕಾಫಿ ತಂದು ಬಗ್ಗಿ ನೋಡಿದಳು. “ಮುಳ್ಳು ಅಲ್ಲಾಡ್ತಾನೇ ಇಲ್ವಲ್ಲ. ನಿನ್ ಗಡಿಯಾರಾನೂ ಕೆಟ್ಟೋಯ್ತಾ?”

“ಅಲ್ಲಾಡ್ದೇ ಇರೋದೇ ಒಳ್ಳೇದು ಕಣವ್ವಾ. ರೇಡಿಯೇಟರ್ ನೀರು ಎಲ್ಲೂ ಸೋರ್ತಿಲ್ಲ. ಬ್ಲಾಕು ಗಟ್ಟಿಯಾಗೈತೆ.”

“ಹಂಗಾರೆ ಆಯಿಲ್‌ಗೆ ನೀರೇನು ಮಳೆ ಹುಯ್ತಾ?” ಬಾಲರಾಜು ಕೆಣಕಿದ.

ಸಿದ್ದರಾಮು ದಾಸಪ್ಪನ ಕಡೆ ತಿರುಗಿದ. “ಗೌಡ್ರೇ, ಆರ್ ವರ್ಸದಲ್ಲಿ ಸ್ಟಾರ್ಟೇ ಮಾಡಿಲ್ವಾ?”

“ಮಾಡ್ದೇ ಏನು! ಅಮಾಸೆ ಅಮಾಸೆಗೂ ತೊಳ್ದು, ಕುಂಕುಮ ಇಟ್ಟು, ಹ್ಯಾಂಡಲ್ ಹೊಡ್ದು ಸ್ಟಾರ್ಟ್ ಮಾಡಿವ್ನಿ. ಒಂದಮಾಸೆ ತಪ್ಸಿಲ್ಲ.”

“ಎಷ್ಟೊತ್ತು ಓಡ್ತಿತ್ತು?”

“ಒಂದ್ ನಿಮ್ಸ. ಹೊಗೆ ಹುಳುವಿಗೆ ಆಗಲ್ವಲ್ಲಪ್ಪ. ಡುರ್ ಅಂದೇಟ್ಗೆ ಆಫು.”

ಸಿದ್ದರಾಮು ಕೈ ಒರೆಸಿಕೊಂಡು ನಕ್ಕ. “ಸಿಕ್ತು ಬುಡಿ. ಅನ್ನ ಬೇಯೋವಾಗ ತಪ್ಪಲೆ ಮುಚ್ಳಕ್ಕೆ ಬೆವರು ಕೂರಲ್ವಾ? ಪೆಟ್ರೋಲ್ ಉರುದ್ರೆ ಎಂಜಿನ್ ಒಳಗೂ ಆವಿ ಹುಟ್ತದೆ. ಎಂಜಿನ್ ಚೆನ್ನಾಗಿ ಕಾದ್ರೆ ಅದು ಹೊರಗೋಯ್ತದೆ. ನೀವು ಕಾಯಕ್ಕೇ ಬುಟ್ಟಿಲ್ಲ. ಜೊತೆಗೆ ಈ ಹುಳುಮನೆ ತೇವ ಬೇರೆ.”

ದಾಸಪ್ಪನ ಮುಖ ಸಣ್ಣದಾಯಿತು. “ಅಂದ್ರೆ ಪೂಜೆ ಮಾಡಿ ಮಾಡಿ ನಾನೇ ಕೆಡ್ಸಿದ್ನಾ?”

“ಪೂಜೆ ಕೆಡ್ಸಿಲ್ಲ ಗೌಡ್ರೇ. ಅರ್ಧಕ್ಕೆ ಆಫ್ ಮಾಡಿದ್ದು ಕೆಡಿಸ್ತು.”

“ಐವತ್ ವರ್ಸದಿಂದ ನಂಗೇ ಬುದ್ಧಿ ಹೇಳ್ತಿದ್ರು” ಎಂದಳು ಚಿಕ್ಕಲಕ್ಷ್ಮಮ್ಮ. “ಇವತ್ ಸಿಕ್ಕಾಕಂಡ್ರು.”

ಭಾನುವಾರ ಬೆಳಿಗ್ಗೆ ಸಿದ್ದರಾಮು ಎಂಜಿನ್ನಿನ ಕೆಳಗೆ ಮಲಗಿ ಆಯಿಲ್ ಇಳಿಸುವ ಬೋಲ್ಟನ್ನು ಮೆಲ್ಲಗೆ ಸಡಿಲಿಸಿದ. ಗಾಡಿ ಅಲುಗದೆ ನಿಂತಿದ್ದರಿಂದ ತಳಕ್ಕಿಳಿದಿದ್ದ ನೀರು ಮೊದಲು ಬಂತು, ಒಂದು ಚೊಂಬಿನಷ್ಟು. ಹಿಂದೆಯೇ ಲೋಳೆ. ಆಯಿಲ್ ನಿಲ್ಲುವ ತಳದ ತಟ್ಟೆಯನ್ನೇ ಬಿಚ್ಚಿ ಕೆಸರು ಕೆರೆದ. ಬೇರಿಂಗುಗಳ ಮೇಲೆ ಬೆರಳಾಡಿಸಿದರೆ ತುಕ್ಕು ಹತ್ತಿರಲಿಲ್ಲ. ಫಿಲ್ಟರ್ ಬದಲಿಸಿ ಹೊಸ ಆಯಿಲ್ ಹಾಕಿದ. ಪ್ಲಗ್ ಬಿಚ್ಚಿ ಆ ತೂತುಗಳಿಗೂ ನಾಲ್ಕು ನಾಲ್ಕು ಹನಿ ಬಿಟ್ಟು, ಆಯಿಲ್ ಎಲ್ಲ ಕಡೆ ಹರಿಯುವ ತನಕ ಬಾಲರಾಜುವಿನ ಕೈಲೇ ಹ್ಯಾಂಡಲ್ ಸುತ್ತಿಸಿದ. ಸಂಜೆಯೊಳಗೆ ಬ್ರೇಕೂ ಸರಿಯಾಯಿತು. ಎಲ್ಲರೂ ಸೇರಿ ಗಾಡಿಯನ್ನು ಹುಳುಮನೆಯಿಂದ ದೂರ, ಮಾವಿನ ಮರದ ಕೆಳಕ್ಕೆ ತಳ್ಳಿದರು.

ಸೋಮವಾರ ಹತ್ತು ಗಂಟೆಗೆ ಕರೀಂ ಲಾರಿ ತಂದು ನಿಲ್ಲಿಸುವುದಕ್ಕೂ ಎಂಜಿನ್ ಹತ್ತಿಕೊಳ್ಳುವುದಕ್ಕೂ ಸರಿಹೋಯಿತು. ಹಿಂದಿನಿಂದ ಬಿಳಿ ಹೊಗೆ ನುಗ್ಗಿತು.

“ಬಿಳಿ ಹೊಗೆ, ಎಂಜಿನ್ ಸೀಳಿರೋದು ದಿಟ! ಬಾಲಣ್ಣ, ಗಾಡಿ ಎಳ್ಯಕ್ಕೆ ಹಗ್ಗ ಬಿಚ್ಲಾ?” ಎಂದ ಕರೀಂ.

“ಒಸಿ ತಡ್ಕೊ ಕರೀಮಣ್ಣ. ಒಳಗಿರೋ ತೇವ ಹೋಗ್ಲಿ” ಎಂದು ಸಿದ್ದರಾಮು ಕಲ್ಲಿನ ಮೇಲೆ ಕೂತ.

ಇಪ್ಪತ್ತು ನಿಮಿಷಕ್ಕೆ ಹೊಗೆ ತೆಳುವಾಗಿ ಕಾಣದಾಯಿತು. ಅರ್ಧ ಗಂಟೆಗೆ ಆಫ್ ಮಾಡಿ, ಬಿಸಿಯಿರುವಾಗಲೇ ಆಯಿಲನ್ನು ಒಂದು ಬಾಣಲಿಗೆ ಇಳಿಸಿದ. ಅದರಲ್ಲೂ ಮಂಜು ಮಂಜು. ದಾಸಪ್ಪ ಬಾಣಲಿಯೊಳಗೆ ಬಗ್ಗಿದವನು ಮೇಲೇಳಲಿಲ್ಲ.

“ಇನ್ನೂ ಐತಲ್ಲಲಾ ಸಿದ್ರಾಮು.”

“ಉಳ್ದಿದ್ದು ಹೊರಗ್ ಬತ್ತಾ ಐತೆ ಗೌಡ್ರೇ. ರೇಡಿಯೇಟರ್ ನೀರು ಇಳೀತಿದ್ರೆ ಇಷ್ಟೊತ್ಗೆ ಮತ್ತೆ ಮಜ್ಜಿಗೆ ಆಗಿರೋದು. ಇನ್ನೊಂದ್ಸಲ ತುಂಬ್ತೀನಿ. ನೀವು ಸ್ಟೇರಿಂಗ್ ಹಿಡೀರಿ, ಕನಕಪುರ ಮುಟ್ಟಿ ಬರಾಣ.”

ಚಿಕ್ಕಲಕ್ಷ್ಮಮ್ಮ ಯಾರೂ ಕರೆಯುವ ಮೊದಲೇ ಸೆರಗು ಸರಿಮಾಡಿಕೊಂಡು ಮುಂದೆ ಹತ್ತಿದಳು. ಸಿದ್ದರಾಮು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಎಂಜಿನ್ ಸದ್ದಿಗೆ ಕಿವಿಗೊಟ್ಟ. ಹೋಗಿ ಬಂದು ನೋಡಿದಾಗ ಆಯಿಲ್ ಜೇನಿನ ಬಣ್ಣದಲ್ಲೇ ಇತ್ತು, ರೇಡಿಯೇಟರ್ ನೀರು ಹನಿಯೂ ಇಳಿದಿರಲಿಲ್ಲ. ಕರೀಂ ತಾನೂ ಬಗ್ಗಿ ನೋಡಿ, “ಇದನ್ನ ಒಡೆದ್ರೆ ನಂಗೇ ಪಾಪ ಬತ್ತದೆ” ಎಂದು ಹಗ್ಗವನ್ನು ಲಾರಿಗೆ ಎಸೆದ.

“ಹಂಗಾರೆ ನನ್ ಸೊಪ್ಪೆಲ್ಲಿ ಇಡ್ಲಿ?” ಎಂದ ಬಾಲರಾಜು.

ಸಿದ್ದರಾಮು ಅವನ ಕಡೆ ತಿರುಗಿದ. “ಆ ಶೀಟಿನ ಜಾಗ ನೀನೇ ತಗೋ. ಗಾಡಿ ಇನ್ನ ಅಲ್ಲಿ ನಿಲ್ಲಂಗಿಲ್ಲ. ಮನೆ ಮುಂದೆ ಗಾಳಿ ಆಡೋ ಕಡೆ ಒಂದ್ ಚಪ್ರ ಹಾಕು. ಗೌಡ್ರೇ, ವಾರಕ್ಕೊಂದ್ಸಲ ಇಪ್ಪತ್ ಕಿಲೋಮೀಟ್ರು. ತಪ್ಪಂಗಿಲ್ಲ.”

ದಾಸಪ್ಪ ಚಪ್ಪರಕ್ಕೆ ಗಳ ತರಲು ಬಾಲರಾಜುವನ್ನು ಹತ್ತಿಸಿಕೊಂಡು ಆಗಲೇ ಗಾಡಿ ತಿರುಗಿಸುತ್ತಿದ್ದ.