ಗ್ಲೆನಿಸ್ ತೊಳೆದಿಟ್ಟ ದೋಣಿ

ಶನಿವಾರ ಬೆಳಿಗ್ಗೆ ಆರು ಗಂಟೆ. ಗ್ಲೆನಿಸ್ ಟ್ಯಾಂಡಿ 'ಲ್ಯಾಪ್‌ವಿಂಗ್' ದೋಣಿಯ ಶೌಚದ ಟ್ಯಾಂಕ್ ಖಾಲಿ ಮಾಡುತ್ತಿದ್ದಾರೆ. ಪಂಪಿನ ಕೊಳವೆಯನ್ನು ಮೊಣಕಾಲಿನಿಂದ ಅದುಮಿ ಹಿಡಿದು, ಮುಖವನ್ನು ಗಾಳಿ ಬರುವ ಕಡೆ ತಿರುಗಿಸಿದ್ದಾರೆ. ಏವನ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ.

"ರಜೆಗೆ ಬಂದೋರು ಮರೀದೆ ಬಿಟ್ಟು ಹೋಗೋದು ಇದೊಂದನ್ನೇ," ಎನ್ನುತ್ತಾರೆ.

ಈವ್‌ಶಮ್ ಬಳಿಯ ಈ ದೋಣಿಕಟ್ಟೆಯಲ್ಲಿ ಅವರದು ಇಪ್ಪತ್ತೆರಡನೇ ಬೇಸಿಗೆ. ಉದ್ದನೆಯ, ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ಕಿರಿದಾದ ಒಂಬತ್ತು ದೋಣಿಗಳು ಇಲ್ಲಿವೆ. ಒಳಗೇ ಅಡುಗೆ, ಒಳಗೇ ಹಾಸಿಗೆ. ಸಂಸಾರಗಳು ವಾರದ ಮಟ್ಟಿಗೆ ಬಾಡಿಗೆಗೆ ಪಡೆದು ನದಿಯಲ್ಲಿ ಅಲೆಯುತ್ತವೆ. ಅವರು ಹೋದ ಮೇಲೆ ಹೊದಿಕೆ ಒಗೆಯುವುದು, ಒಲೆಯ ಜಿಡ್ಡು ಕೆರೆಯುವುದು, ಹಿತ್ತಾಳೆ ತಿಕ್ಕುವುದು ಗ್ಲೆನಿಸ್ ಪಾಲು.

ಇವತ್ತಿನ ಹಾಸಿಗೆ ಮಾತ್ರ ಅವರಿಗೇ. ಈ ವಾರ ಲ್ಯಾಪ್‌ವಿಂಗ್‌ಗೆ ಗಿರಾಕಿಯಿಲ್ಲ. ಮಾಲೀಕ ಡೆರೆಕ್ ಹೇನ್ಸ್ ಮೊದಲ ಬಾರಿಗೆ ಅದನ್ನು ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಮಗಳು ಕೆರ್ರಿ ಇಬ್ಬರು ಮಕ್ಕಳೊಂದಿಗೆ ಕವೆಂಟ್ರಿಯಿಂದ ಹೊರಟಾಗಿದೆ. ಫ್ರಿಜ್ಜಿನಲ್ಲಿ ಬೇಕನ್, ಮೊಟ್ಟೆ, ಹಾಲು ತುಂಬಿವೆ.

ಗಂಡ ರಾನ್ ಇದೇ ಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. ತೀರಿಕೊಂಡು ಮೂರು ವರ್ಷ. ತಾವೇ ಬೆಸೆದ ದೋಣಿಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. "ಬೇಸಿಗೇಲಿ ನಮಗೆ ಪುರುಸೊತ್ತಿಲ್ಲ. ಚಳಿಗಾಲದಲ್ಲಿ ಪುರುಸೊತ್ತಿದ್ರೆ ಹೊಳೆ ಉಕ್ಕಿರುತ್ತೆ," ಎನ್ನುತ್ತಾರೆ ಗ್ಲೆನಿಸ್.

ಹೊಸಬರಿಗೆ ದೋಣಿ ನಡೆಸಲು ಕಲಿಸುವುದೂ ಅವರೇ. ಮೊದಲ ಲಾಕ್‌ವರೆಗೆ, ಅಂದರೆ ನೀರು ತುಂಬಿಸಿ, ಬಸಿದು ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಯವರೆಗೆ ಜೊತೆಗೆ ಹೋಗಿ, ದಡದ ಹಾದಿ ಹಿಡಿದು ನಡೆದು ವಾಪಸಾಗುತ್ತಾರೆ. ಪಾಠ ಪ್ರತಿ ಬಾರಿಯೂ ಒಂದೇ: "ಇಳಿಯೋವಾಗ ಹಗ್ಗ ಗಂಟು ಹಾಕ್ಬೇಡಿ. ಗೂಟಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲೇ ಹಿಡ್ಕೊಂಡು ಬಿಡ್ತಾ ಹೋಗಿ. ನೀರು ಇಳಿಯುತ್ತೆ, ಗಂಟು ಇಳಿಯಲ್ಲ."

ಹತ್ತೂವರೆಗೆ ಡೆರೆಕ್ ಬರುತ್ತಾರೆ. ಹಿಂದೆ ವಿಟಕರ್ ದಂಪತಿ, ಮೂವರು ಮಕ್ಕಳು, ಒಂದು ನಾಯಿ, ಎಲ್ಲರೂ ಒದ್ದೆ. ನಿನ್ನೆ ಬೇರೊಂದು ದೋಣಿಯಲ್ಲಿ ಹೊರಟವರು ಇಂದು ಎರಡನೇ ಲಾಕ್‌ನಲ್ಲಿ ಹಗ್ಗ ಗಂಟು ಹಾಕಿದ್ದಾರೆ. ನೀರಿಳಿದು ದೋಣಿ ಒಂದು ಮಗ್ಗುಲಿಗೆ ನೇತಾಡಿ, ಹಗ್ಗ ಕತ್ತರಿಸಿದಾಗ ದೊಪ್ಪನೆ ಬಿದ್ದು ಒಳಗೆಲ್ಲ ನೀರು ನುಗ್ಗಿದೆ. ಯಾರಿಗೂ ಪೆಟ್ಟಾಗಿಲ್ಲ.

"ಗಂಟು ಹಾಕ್ಬಾರ್ದು ಅಂತ ನಮಗೆ ಯಾರೂ ಹೇಳೇ ಇಲ್ಲ," ವಿಟಕರ್ ಗೊಣಗುತ್ತಾರೆ.

"ನಾನೇ ಹೇಳ್ದೆ. ನೀವು ನಾಯಿ ಫೋಟೋ ತೆಗೀತಿದ್ರಿ."

"ಗ್ಲೆನ್, ಸಾಕು," ಡೆರೆಕ್ ಅವರನ್ನು ಪಕ್ಕಕ್ಕೆ ಕರೆಯುತ್ತಾರೆ. "ಖಾಲಿ ಇರೋದು ಲ್ಯಾಪ್‌ವಿಂಗ್ ಒಂದೇ. ಏನ್ ಮಾಡ್ಲಿ ಹೇಳು."

"ಈ ವಾರ ಅದು ನಂದು."

"ಮುಂದಿನ ವರ್ಷ ಖಂಡಿತ ನಿಂಗೇ."

"ರಾನ್‌ಗೂ ನೀನು ಇದನ್ನೇ ಹೇಳ್ತಿದ್ದೆ, ಡೆರೆಕ್. ಪ್ರತಿ ವರ್ಷ."

ಲ್ಯಾಪ್‌ವಿಂಗ್‌ನ ಬೀಗದ ಕೈ ಆಗಲೇ ವಿಟಕರ್ ಜೇಬು ಸೇರಿದೆ. ಗ್ಲೆನಿಸ್ ಮೊಟ್ಟೆ, ಬೇಕನ್ ಚೀಲಕ್ಕೆ ತುಂಬಿಕೊಂಡು ಹೊರಬರುವಾಗ ವಿಟಕರ್ ಹೆಂಡತಿ ಕೇಳುತ್ತಾರೆ: "ಹಾಲು ಇಟ್ಟಿದೀರಾ?"

ಹಾಲನ್ನು ಅಲ್ಲೇ ಬಿಡುತ್ತಾರೆ.

ಕೆರ್ರಿ ಬರುವ ಹೊತ್ತಿಗೆ ಅಮ್ಮ ಕಟ್ಟೆಯಲ್ಲಿಲ್ಲ; ವಿಟಕರ್ ಕುಟುಂಬಕ್ಕೆ ಅದೇ ಪಾಠ ಎರಡನೇ ಸಲ ಹೇಳಲು ಹೋಗಿದ್ದಾರೆ. ಮಕ್ಕಳು ರಬ್ಬರ್ ಬೂಟು ಹಾಕಿಕೊಂಡೇ ಕಾರಿನಲ್ಲಿ ಕಾಯುತ್ತಿವೆ. ಗ್ಲೆನಿಸ್ ದಡದ ಹಾದಿಯಲ್ಲಿ ನಡೆದು ಬಂದಾಗ, ಡೆರೆಕ್‌ನಿಂದ ವಿಷಯ ತಿಳಿದ ಮಗಳ ದನಿ ಏರುತ್ತದೆ.

"ಅಲ್ಲಮ್ಮಾ, ನಿನ್ ದೋಣಿ ಕಿತ್ಕೊಂಡೋರಿಗೆ ನೀನೇ ಕಲಿಸಿ ಬಂದ್ಯಾ? ಮಾನ ಇಲ್ವಾ ನಿಂಗೆ?"

"ಅದ್ರಲ್ಲಿ ಮೂರು ಮಕ್ಕಳಿದಾವೆ ಕಣೇ."

ಮುಂದಿನ ವರ್ಷ ಹೋಗುತ್ತೀರಾ ಎಂದು ಕೇಳಿದರೆ ಗ್ಲೆನಿಸ್ ನಗುವುದಿಲ್ಲ. "ಬೇರೆ ಯಾರಾದ್ರೂ ಹಾಸಿದ ಹಾಸಿಗೇಲಿ ಒಂದು ರಾತ್ರಿ ಮಲಗ್ಬೇಕು. ದೋಣೀನೇ ಆಗ್ಬೇಕು ಅಂತಿಲ್ಲ." ಮೊಮ್ಮಕ್ಕಳ ನಡುವೆ ಕಾರು ಹತ್ತಿ ಕವೆಂಟ್ರಿಗೆ ಹೊರಡುತ್ತಾರೆ.

ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಗ್ಲೆನಿಸ್ ಫೋನ್ ಮಾಡಿದ ಮೇಲೆ, ಬುಧವಾರ ಡೆರೆಕ್ ಗೇಟಿಗೆ ಹಲಗೆ ತೂಗುಹಾಕಿದರು: ಶನಿವಾರದ ಕೆಲಸಕ್ಕೆ ಜನ ಬೇಕಾಗಿದ್ದಾರೆ.